ಈಜಿಪ್ಟಿನ ಇಪ್ಪತ್ತು ಮುಖಗಳ ಕಲ್ಲಿನ ದಾಳ: ಪದೇ ಪದೇ ಕೇಳುವ ಪ್ರಶ್ನೆಗಳು

ಅಂತರ್ಜಾಲದಲ್ಲಿ ಆಗಾಗ ಒಂದು ಚಿತ್ರ ಹರಿದಾಡುತ್ತದೆ. ಕಪ್ಪು ಹಸಿರು ಕಲ್ಲು, ಮೈಯೆಲ್ಲ ತ್ರಿಕೋನಗಳು, ಪ್ರತಿ ತ್ರಿಕೋನದಲ್ಲೂ ಒಂದು ಅಕ್ಷರ. ಚಿತ್ರದ ಕೆಳಗೆ "ಪ್ರಪಂಚದ ಅತ್ಯಂತ ಹಳೆಯ ದಾಳ" ಎಂದೋ "ಫೇರೋಗಳು ಆಡಿದ ಆಟ" ಎಂದೋ ಬರೆದಿರುತ್ತದೆ. ಎರಡೂ ನಿಜವಲ್ಲ. ಆದರೆ ಆ ಕಲ್ಲಿನ ನಿಜವಾದ ಕಥೆ ಈ ಎರಡಕ್ಕಿಂತ ಸ್ವಾರಸ್ಯವಾಗಿದೆ. ಅದರ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದೆ.

ಇದು ಯಾವ ವಸ್ತು? ಈಗ ಎಲ್ಲಿದೆ?

ನ್ಯೂಯಾರ್ಕ್ ನಗರದ ಮೆಟ್ರೊಪಾಲಿಟನ್ ಮ್ಯೂಸಿಯಂ ಆಫ್ ಆರ್ಟ್‌ನ ಈಜಿಪ್ಟ್ ವಿಭಾಗದ ಸಂಗ್ರಹದಲ್ಲಿದೆ. ಸರ್ಪೆಂಟೈನ್ ಎಂಬ ಕಲ್ಲಿನಲ್ಲಿ ಕಡೆದದ್ದು. ಗಾತ್ರ ಸುಮಾರು 3 ಸೆಂಟಿಮೀಟರ್. ಒಂದು ನೆಲ್ಲಿಕಾಯಿಯಷ್ಟು, ಮುಷ್ಟಿ ಮುಚ್ಚಿದರೆ ಒಳಗೆ ಅಡಗುತ್ತದೆ. ಇಪ್ಪತ್ತು ಮುಖಗಳಿವೆ, ಒಂದೊಂದರ ಮೇಲೂ ಒಂದು ಗ್ರೀಕ್ ಅಕ್ಷರ ಕೊರೆದಿದೆ. ಮ್ಯೂಸಿಯಂನ ದಾಖಲೆಯಲ್ಲಿ ಇದರ ಕ್ರಮಸಂಖ್ಯೆ 10.130.1158.

ಎಷ್ಟು ಹಳೆಯದು?

ಕ್ರಿ.ಪೂ. 2ನೇ ಶತಮಾನದಿಂದ ಕ್ರಿ.ಶ. 4ನೇ ಶತಮಾನದ ನಡುವಿನದು ಎಂದು ಮ್ಯೂಸಿಯಂ ಹೇಳುತ್ತದೆ. ಅಂದರೆ ಈಜಿಪ್ಟನ್ನು ಆಳಿದ ಗ್ರೀಕ್ ಮೂಲದ ಟಾಲೆಮಿ ವಂಶದ ಕೊನೆಯ ಭಾಗದಿಂದ ರೋಮನ್ ಆಳ್ವಿಕೆಯವರೆಗೆ ಯಾವಾಗ ಬೇಕಾದರೂ ಆಗಿರಬಹುದು.

ಅಷ್ಟು ದೊಡ್ಡ ಅಂತರ ಏಕೆ? ಕಾರ್ಬನ್ ಪರೀಕ್ಷೆ ಮಾಡಿ ನಿಖರವಾಗಿ ಹೇಳಬಾರದೇ?

ಕಾರ್ಬನ್ ಪರೀಕ್ಷೆ ಒಂದು ಕಾಲದಲ್ಲಿ ಜೀವವಿದ್ದ ವಸ್ತುಗಳಿಗೆ ಮಾತ್ರ ಸಲ್ಲುತ್ತದೆ: ಮರ, ಮೂಳೆ, ಬಟ್ಟೆ, ಕಾಳು. ಕಲ್ಲಿಗೆ ಅದು ನಡೆಯದು. ಕಲ್ಲಿನ ವಯಸ್ಸು ಅಳೆಯುವ ಬೇರೆ ವಿಧಾನಗಳಿವೆ, ಆದರೆ ಅವು ಹೇಳುವುದು ಬಂಡೆ ಹುಟ್ಟಿದ ಕಾಲವನ್ನು. ಅದನ್ನು ಮನುಷ್ಯ ಕಡೆದ ಕಾಲವನ್ನಲ್ಲ.

ಮಣ್ಣಿನ ಯಾವ ಪದರದಲ್ಲಿ, ಯಾವ ಮಡಕೆ ಚೂರುಗಳ ಜೊತೆ, ಯಾವ ನಾಣ್ಯದ ಪಕ್ಕದಲ್ಲಿ ಸಿಕ್ಕಿತು ಎಂಬುದು ತಿಳಿದಿದ್ದರೆ ಆರು ನೂರು ವರ್ಷಗಳ ಅಂತರ ಬಹುಶಃ ಕೆಲವೇ ದಶಕಗಳಿಗೆ ಇಳಿಯುತ್ತಿತ್ತು. ಈ ದಾಳಕ್ಕೆ ಆ ಮಾಹಿತಿ ಇಲ್ಲ. ಉಳಿಯುವುದು ಅಕ್ಷರಗಳ ರೂಪ ಮತ್ತು ಇದೇ ಬಗೆಯ ಇತರ ವಸ್ತುಗಳೊಡನೆ ಹೋಲಿಕೆ. ಅಂಥ ದಾರಿಯಲ್ಲಿ ಶತಮಾನಗಳ ಲೆಕ್ಕ ಸಿಗುತ್ತದೆ, ವರ್ಷಗಳ ಲೆಕ್ಕ ಸಿಗುವುದಿಲ್ಲ. ಮ್ಯೂಸಿಯಂ ವಿಸ್ತಾರವಾದ ಕಾಲಾವಧಿಯನ್ನು ಕೊಟ್ಟಿರುವುದು ಪ್ರಾಮಾಣಿಕತೆ ಎಂದೇ ನಾನು ತಿಳಿಯುತ್ತೇನೆ. ಚಿತ್ರ ಹಂಚುವವರು ಆ ಅವಧಿಯ ಹಿಂದಿನ ತುದಿಯನ್ನಷ್ಟೇ ಹಿಡಿದು "2200 ವರ್ಷ ಹಳೆಯದು" ಎಂದು ಸಾರುವುದು ಸರಿಯಲ್ಲ. ಅದು 1700 ವರ್ಷ ಹಳೆಯದಾಗಿರಲೂ ಅಷ್ಟೇ ಅವಕಾಶವಿದೆ.

ಈಜಿಪ್ಟಿನ ದಾಳದ ಮೇಲೆ ಗ್ರೀಕ್ ಅಕ್ಷರ ಏಕೆ?

ಕ್ರಿ.ಪೂ. 332ರಲ್ಲಿ ಅಲೆಗ್ಸಾಂಡರ್ ಈಜಿಪ್ಟನ್ನು ವಶಪಡಿಸಿಕೊಂಡ. ಅವನ ಸೇನಾನಿ ಟಾಲೆಮಿ ಕ್ರಿ.ಪೂ. 305ರಲ್ಲಿ ತಾನೇ ಅರಸನೆಂದು ಘೋಷಿಸಿಕೊಂಡ. ಕ್ರಿ.ಪೂ. 30ರಲ್ಲಿ ಕ್ಲಿಯೋಪಾತ್ರಳ ಸಾವಿನೊಂದಿಗೆ ಆ ವಂಶ ಮುಗಿದು ದೇಶ ರೋಮನರ ಕೈಗೆ ಹೋಯಿತು. ಈ ಇಡೀ ಕಾಲದಲ್ಲಿ, ರೋಮನರು ಬಂದ ಮೇಲೂ, ಆಡಳಿತದ ಭಾಷೆಯಾಗಿ ಉಳಿದದ್ದು ಗ್ರೀಕ್. ತೆರಿಗೆ ರಸೀದಿ, ಸಾಲಪತ್ರ, ದೂರು ಅರ್ಜಿ, ಮನೆಯವರಿಗೆ ಬರೆದ ಕಾಗದ ಎಲ್ಲವೂ ಸಾವಿರಗಟ್ಟಲೆ ಪಪೈರಸ್ ಹಾಳೆಗಳಲ್ಲಿ ಗ್ರೀಕ್‌ನಲ್ಲಿ ಸಿಕ್ಕಿವೆ. ಹಳ್ಳಿಗಳಲ್ಲಿ ಮತ್ತು ದೇವಾಲಯಗಳಲ್ಲಿ ಈಜಿಪ್ಟಿನ ಭಾಷೆಯೇ ನಡೆಯುತ್ತಿತ್ತು. ಅದನ್ನು ಡೆಮಾಟಿಕ್ ಎಂಬ ಓಟದ ಲಿಪಿಯಲ್ಲಿ ಬರೆಯುತ್ತಿದ್ದರು. ಈ ಡೆಮಾಟಿಕ್ ಲಿಪಿ ಮುಂದೆ ಇನ್ನೊಂದು ದಾಳದ ಸಂದರ್ಭದಲ್ಲಿ ಬರುತ್ತದೆ, ನೆನಪಿಟ್ಟುಕೊಳ್ಳಿ.

ಪಿರಮಿಡ್ ಕಟ್ಟಿಸಿದ ಫೇರೋಗಳಿಗೂ ಈ ದಾಳಕ್ಕೂ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ದೂರವಿದೆ. ಅವರು ಇದನ್ನು ಕಂಡಿರುವ ಪ್ರಶ್ನೆಯೇ ಇಲ್ಲ.

ಅಕ್ಷರಗಳೆಂದರೆ ಅಂಕೆಗಳೇ? 1ರಿಂದ 20ರವರೆಗೆ ಎಂದು ಓದಬಹುದೇ?

ಗ್ರೀಕರು ಅಕ್ಷರಗಳನ್ನೇ ಅಂಕೆಗಳಾಗಿ ಬಳಸುತ್ತಿದ್ದರು ಎಂಬುದು ನಿಜ. ಆದ್ದರಿಂದ ಈ ಮುಖಗಳನ್ನು ಹಾಗೆಯೇ ಸಂಖ್ಯೆಗಳೆಂದು ಓದಿಬಿಡುವ ಆಸೆ ಹುಟ್ಟುತ್ತದೆ. ಆದರೆ ಲೆಕ್ಕ ಹಾಕಿ ನೋಡಿದರೆ ತೊಡಕು ಕಾಣುತ್ತದೆ.

ಇಂಥ ದಾಳಗಳಲ್ಲಿ ಸಾಮಾನ್ಯವಾಗಿ ಇರುವುದು ಆಲ್ಫಾದಿಂದ ಉಪ್ಸಿಲಾನ್‌ವರೆಗಿನ ಮೊದಲ ಇಪ್ಪತ್ತು ಅಕ್ಷರಗಳು. ಗ್ರೀಕ್ ಅಂಕೆಗಳ ಪದ್ಧತಿಯಲ್ಲಿ ಆಲ್ಫಾ 1, ಬೀಟಾ 2, ಗಾಮಾ 3, ಡೆಲ್ಟಾ 4, ಎಪ್ಸಿಲಾನ್ 5. ಆರಕ್ಕೆ ವರ್ಣಮಾಲೆಯಿಂದ ಬಿಟ್ಟುಹೋದ ಒಂದು ಹಳೆಯ ಚಿಹ್ನೆಯನ್ನು ಬಳಸುತ್ತಿದ್ದರು. ಹಾಗಾಗಿ ವರ್ಣಮಾಲೆಯ ಆರನೆಯ ಅಕ್ಷರವಾದ ಜೀಟಾದ ಬೆಲೆ 7. ಹತ್ತಕ್ಕೆ ಅಯೋಟಾ, ಅದರ ಮುಂದಿನ ಕಪ್ಪಾ 11 ಅಲ್ಲ, 20. ಹೀಗೇ ಹೋಗಿ ರೋ 100, ಸಿಗ್ಮಾ 200, ಟೌ 300, ಉಪ್ಸಿಲಾನ್ 400 ಆಗುತ್ತದೆ. ಒಂದು ಮುಖಕ್ಕೆ 1, ಇನ್ನೊಂದಕ್ಕೆ 400 ಬೆಲೆ ಬರುವ ದಾಳದಿಂದ ಆಟ ಆಡುವುದು ಕಷ್ಟ. ಒಂದೇ ಉರುಳು ಉಳಿದೆಲ್ಲವನ್ನೂ ನುಂಗಿಹಾಕುತ್ತದೆ.

ಇನ್ನೊಂದು ಪದ್ಧತಿಯೂ ಇತ್ತು. ಅಕ್ಷರವನ್ನು ಕೇವಲ ವರಸೆಯ ಗುರುತಾಗಿ ಬಳಸುವುದು: ಮೊದಲನೆಯದು, ಎರಡನೆಯದು, ಮೂರನೆಯದು. ಗ್ರೀಕ್ ಕವಿ ಹೋಮರನ ಎರಡು ಮಹಾಕಾವ್ಯಗಳ ತಲಾ ಇಪ್ಪತ್ತನಾಲ್ಕು ಭಾಗಗಳಿಗೆ ಆಲ್ಫಾದಿಂದ ಒಮೆಗಾವರೆಗೆ ಹೆಸರಿಟ್ಟದ್ದು ಹೀಗೆಯೇ. ಈ ದಾಳದ ಅಕ್ಷರಗಳನ್ನೂ ಇದೇ ರೀತಿ ಓದಬೇಕೆಂದು ನನಗೆ ಅನ್ನಿಸುತ್ತದೆ. ಅಂದರೆ ದಾಳ ಕೊಡುತ್ತಿದ್ದದ್ದು ಕೂಡಿ ಕಳೆಯುವ ಮೊತ್ತವನ್ನಲ್ಲ, ಒಂದು ಪಟ್ಟಿಯ ಒಂದು ಸಾಲನ್ನು. ಆ ಪಟ್ಟಿ ಯಾವುದು ಎಂಬುದೇ ಮುಂದಿನ ಪ್ರಶ್ನೆ.

ಹಾಗಾದರೆ ಇದು ಆಟಕ್ಕೋ, ಶಕುನ ನೋಡುವುದಕ್ಕೋ?

ಅತಿ ಹೆಚ್ಚು ಬಾರಿ ಕೇಳುವ ಪ್ರಶ್ನೆ ಇದು. ಈ ಒಂದು ಕಲ್ಲನ್ನು ಎಷ್ಟು ದಿಟ್ಟಿಸಿದರೂ ಉತ್ತರ ಸಿಗುವುದಿಲ್ಲ. ಆದರೆ ಇದರ ಬಳಗದ ಇನ್ನೊಂದು ದಾಳ ಬಾಯಿಬಿಟ್ಟಿದೆ.

ಈಜಿಪ್ಟಿನ ಪಶ್ಚಿಮ ಮರುಭೂಮಿಯಲ್ಲಿ ದಾಖ್ಲಾ ಎಂಬ ಓಯಸಿಸ್ ಇದೆ. ಅಲ್ಲಿನ ಕಾರೆತ್ ಎಲ್ ಮುಜವ್ವಕಾ ಎಂಬಲ್ಲಿ 1980ರ ದಶಕದಲ್ಲಿ ಇಪ್ಪತ್ತು ಮುಖಗಳ ಒಂದು ದಾಳ ಸಿಕ್ಕಿತು. ಅದರ ಮೇಲೆ ಗ್ರೀಕ್ ಅಕ್ಷರಗಳಿಲ್ಲ. ಪ್ರತಿ ಮುಖದಲ್ಲೂ ಡೆಮಾಟಿಕ್ ಲಿಪಿಯಲ್ಲಿ ಒಂದೊಂದು ದೇವತೆಯ ಹೆಸರಿದೆ. ವಿದ್ವಾಂಸೆ ಮಾರ್ಟಿನಾ ಮಿನಾಸ್ ನೆರ್ಪೆಲ್ ಅದನ್ನು ಓದಿ 2007ರಲ್ಲಿ ಪ್ರಕಟಿಸಿದರು. ದೇವತೆಗಳ ಹೆಸರಿನ ದಾಳ ಉರುಳಿಸಿದರೆ ಬರುವ ಉತ್ತರ ಎಂಥದ್ದು? ನಿನ್ನ ಪ್ರಶ್ನೆಗೆ ಯಾವ ದೇವರು ಒಲಿಯುತ್ತಾನೆ, ಯಾರಲ್ಲಿ ಮೊರೆಯಿಡಬೇಕು ಎಂಬಂಥ ಉತ್ತರ. ಅದು ಶಕುನದ ದಾಳ ಎಂಬ ಅಭಿಪ್ರಾಯಕ್ಕೆ ಬಲ ಬಂದದ್ದು ಹೀಗೆ.

ಅದು ಸಿಕ್ಕ ಜಾಗವೂ ಮಾತನಾಡುತ್ತದೆ. ಮುಜವ್ವಕಾದಲ್ಲಿ ರೋಮನ್ ಕಾಲದ ಎರಡು ಪ್ರಸಿದ್ಧ ಸಮಾಧಿಗಳಿವೆ, ಪೆಟೊಸಿರಿಸ್ ಮತ್ತು ಪೆಟುಬಾಸ್ಟಿಸ್ ಎಂಬವರದು. ಅವುಗಳ ಛಾವಣಿಯ ಮೇಲೆ ರಾಶಿಚಕ್ರದ ಬಣ್ಣದ ಚಿತ್ರಗಳಿವೆ. ಗ್ರಹ, ರಾಶಿ, ವಿಧಿಗಳ ಬಗ್ಗೆ ಅಷ್ಟು ಆಳವಾಗಿ ಯೋಚಿಸುತ್ತಿದ್ದ ಜನರ ನಡುವೆ ದೇವತೆಗಳ ಹೆಸರಿನ ದಾಳ ಸಿಕ್ಕಿದೆ ಎಂದಾಗ ಒಂದು ಪ್ರಪಂಚವೇ ಕಣ್ಣಮುಂದೆ ಕೂಡಿಬರುತ್ತದೆ.

ಇದರಿಂದ ನ್ಯೂಯಾರ್ಕಿನ ದಾಳವೂ ಶಕುನದ್ದೇ ಎಂದು ತೀರ್ಮಾನಿಸಬಹುದೇ? ಅಷ್ಟು ದೂರ ಹೋಗಬಾರದು. ಒಂದೇ ಆಕಾರದ ವಸ್ತು ಒಬ್ಬರ ಕೈಯಲ್ಲಿ ಆಟಕ್ಕೂ ಇನ್ನೊಬ್ಬರ ಕೈಯಲ್ಲಿ ಪ್ರಶ್ನೆ ಕೇಳುವುದಕ್ಕೂ ಬರುತ್ತದೆ. ಆ ಕಾಲದಲ್ಲಿ ಕುರಿ ಮೇಕೆಗಳ ಹಿಂಗಾಲಿನ ಹರಡಿನ ಮೂಳೆಗಳನ್ನು ಮಕ್ಕಳು ಆಟಕ್ಕೆ, ದೊಡ್ಡವರು ಜೂಜಿಗೆ, ಭಕ್ತರು ದೈವದ ನುಡಿ ತಿಳಿಯಲು ಬಳಸುತ್ತಿದ್ದರು, ಮೂಳೆ ಅದೇ. ನನ್ನ ಒಲವು ಶಕುನದ ಕಡೆಗಿದೆ, ಅಕ್ಷರಗಳ ಲೆಕ್ಕದ ಕಾರಣಕ್ಕಾಗಿಯೇ. ಆದರೂ ಅದನ್ನು ಒಲವು ಎಂದೇ ಹೇಳಬೇಕು.

ದಾಳದಿಂದ ಶಕುನ ನೋಡುವ ಕ್ರಮ ಹೇಗಿತ್ತು?

ನೇರವಾಗಿ ಇಪ್ಪತ್ತು ಮುಖದ ದಾಳಕ್ಕೆ ಸೇರಿದ ಕೈಪಿಡಿ ಸಿಗದಿದ್ದರೂ ಅದರ ನೆರೆಹೊರೆಯ ಪದ್ಧತಿಗಳು ಚೆನ್ನಾಗಿ ತಿಳಿದಿವೆ.

ಇಂದಿನ ಟರ್ಕಿಯ ನೈಋತ್ಯ ಭಾಗದ ಊರುಗಳಲ್ಲಿ ಕ್ರಿ.ಶ. 2ನೇ ಶತಮಾನದ ಹೊತ್ತಿಗೆ ಸಾರ್ವಜನಿಕ ಜಾಗಗಳಲ್ಲೇ ಶಕುನದ ಶಾಸನಗಳನ್ನು ನಿಲ್ಲಿಸುತ್ತಿದ್ದರು. ಟರ್ಮೆಸೋಸ್ ಮತ್ತು ಕ್ರೆಮ್ನಾಗಳಲ್ಲಿ ಇಂಥವು ದೊರೆತಿವೆ. ಪ್ರಶ್ನೆ ಇದ್ದವರು ಐದು ಹರಡಿನ ಮೂಳೆಗಳನ್ನು ಎಸೆಯಬೇಕು. ಒಂದೊಂದು ಮೂಳೆ ನಾಲ್ಕು ಮಗ್ಗುಲಲ್ಲಿ ನಿಲ್ಲಬಲ್ಲದು. ಬೆಲೆ 1, 3, 4, 6. ಐದು ಮೂಳೆಗಳಿಂದ ಆಗುವ ಬೇರೆ ಬೇರೆ ಜೋಡಣೆಗಳು 56. ಕಂಬದ ಮೇಲೆ ಆ 56ಕ್ಕೂ ಒಂದೊಂದು ದೇವತೆಯ ಹೆಸರು, ಒಂದಿಷ್ಟು ಪದ್ಯಸಾಲು: ಈಗ ಹೊರಡಬೇಡ, ಕಾದಿರು; ಅಥವಾ ಧೈರ್ಯವಾಗಿ ಮುಂದುವರಿ, ಎಂಬ ಧಾಟಿಯ ಮಾತು. ದಾಖ್ಲಾದ ದಾಳಕ್ಕೂ ಈ ಕಂಬಗಳಿಗೂ ಇರುವ ಹೋಲಿಕೆಯನ್ನು ಗಮನಿಸಿ. ಎರಡರಲ್ಲೂ ಉರುಳಿನ ಫಲ ಒಂದು ದೇವತೆಯ ಹೆಸರು.

ಅದೇ ಪ್ರದೇಶದಲ್ಲಿ ಅಕ್ಷರ ಶಕುನವೂ ಇತ್ತು. ಇಪ್ಪತ್ತನಾಲ್ಕು ಅಕ್ಷರಗಳಿಗೆ ಇಪ್ಪತ್ತನಾಲ್ಕು ಸಾಲುಗಳು, ಪ್ರತಿ ಸಾಲೂ ಆಯಾ ಅಕ್ಷರದಿಂದಲೇ ಶುರುವಾಗುವಂಥದ್ದು. ನಮ್ಮ ದಾಳಕ್ಕೆ ಇದೇ ಪಟ್ಟಿ ಎಂದುಬಿಡಬಹುದಿತ್ತು, ಆದರೆ ಲೆಕ್ಕ ಕೂಡುವುದಿಲ್ಲ. ದಾಳದಲ್ಲಿ ಇಪ್ಪತ್ತೇ ಮುಖ; ಫೈ, ಕೈ, ಪ್ಸೈ, ಒಮೆಗಾ ಈ ನಾಲ್ಕಕ್ಕೆ ಜಾಗವಿಲ್ಲ. ಇಪ್ಪತ್ತು ಸಾಲುಗಳ ಬೇರೆಯೇ ಪಟ್ಟಿ ಇದ್ದಿರಬೇಕು.

ಈಜಿಪ್ಟಿನಲ್ಲೇ ಸಿಕ್ಕ ಒಂದು ಗ್ರೀಕ್ ಪಪೈರಸ್ ಇನ್ನೂ ಸೊಗಸಾದದ್ದು. ಅದರಲ್ಲಿ ಹೋಮರನ 216 ಸಾಲುಗಳನ್ನು ಜೋಡಿಸಿದ್ದಾರೆ. ಆರು ಮುಖದ ಸಾಮಾನ್ಯ ದಾಳವನ್ನು ಮೂರು ಸಲ ಹಾಕಿದರೆ ಆಗುವ ಸಾಧ್ಯತೆಗಳು ಆರು ಗುಣಿಸು ಆರು ಗುಣಿಸು ಆರು, ಅಂದರೆ 216. ಮೂರು ಅಂಕೆಗಳನ್ನು ಓದಿ, ಆ ಸಾಲನ್ನು ಹುಡುಕಿ, ಅದರಲ್ಲಿ ತನ್ನ ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು. ಯುದ್ಧಭೂಮಿಯಲ್ಲಿ ಒಬ್ಬ ವೀರ ಆಡಿದ ಮಾತು, ಮದುವೆಯ ಬಗ್ಗೆಯೋ ಪ್ರಯಾಣದ ಬಗ್ಗೆಯೋ ಚಿಂತಿಸುವವನಿಗೆ ದಾರಿ ತೋರಿಸಬೇಕಿತ್ತು.

ಇದು ಮ್ಯೂಸಿಯಂಗೆ ಹೇಗೆ ಬಂತು?

ಚಾನ್ಸಿ ಮರ್ಚ್ ಎಂಬ ಅಮೆರಿಕನ್ ಪಾದ್ರಿಯ ಮೂಲಕ. ಆತ 1883ರಿಂದ 1906ರವರೆಗೆ ಈಜಿಪ್ಟಿನಲ್ಲಿ, ಮುಖ್ಯವಾಗಿ ಲಕ್ಸರ್‌ನಲ್ಲಿ, ಪ್ರೆಸ್ಬಿಟೇರಿಯನ್ ಮಿಷನ್ ಕೆಲಸದಲ್ಲಿದ್ದ. ಅದರ ಜೊತೆಗೇ ಪ್ರಾಚೀನ ವಸ್ತುಗಳನ್ನು ಕೊಂಡು ಕೂಡಿಟ್ಟ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೂ ಆತನ ಮೂಲಕ ಅನೇಕ ವಸ್ತುಗಳು ಹೋಗಿವೆ. 1910ರಲ್ಲಿ ಆತನ ಸಂಗ್ರಹವನ್ನು ವಾರಸುದಾರರಿಂದ ಮೆಟ್ರೊಪಾಲಿಟನ್ ಮ್ಯೂಸಿಯಂ ಖರೀದಿಸಿತು. ಹಣ ಕೊಟ್ಟವರು ರೈಲ್ವೆ ಉದ್ಯಮಿ ಜೇ ಗೋಲ್ಡ್ ಅವರ ಮಗಳು ಹೆಲೆನ್ ಮಿಲ್ಲರ್ ಗೋಲ್ಡ್. ಸಂಗ್ರಹದ ಬಹುಭಾಗ ಜೀರುಂಡೆಯಾಕಾರದ ಮುದ್ರೆಗಳು ಮತ್ತು ತಾಯಿತಗಳು. ಅವುಗಳ ನಡುವೆ ಈ ದಾಳವೂ ಇತ್ತು.

10.130.1158 ಎಂಬ ಸಂಖ್ಯೆಯ ಅರ್ಥವೇನು?

ಮೊದಲ ಭಾಗ ಮ್ಯೂಸಿಯಂಗೆ ಸೇರಿದ ವರ್ಷ, 1910. ಎರಡನೆಯದು ಆ ವರ್ಷ ಬಂದ ಸಂಗ್ರಹಗಳಲ್ಲಿ ಇದು ಎಷ್ಟನೆಯದು ಎಂಬುದು. ಮೂರನೆಯದು ಆ ಸಂಗ್ರಹದೊಳಗಿನ ಕ್ರಮಾಂಕ. ಒಂದೇ ಕಂತಿನಲ್ಲಿ ಸಾವಿರಕ್ಕೂ ಹೆಚ್ಚು ವಸ್ತುಗಳು ಬಂದವು ಎಂಬುದನ್ನು ಈ ಸಂಖ್ಯೆಯಿಂದಲೇ ಊಹಿಸಬಹುದು.

ಅಂದರೆ ಇದು ಕದ್ದ ಮಾಲೇ?

ಆಗಿನ ಕಾನೂನಿನ ಕಣ್ಣಿನಲ್ಲಿ ನೋಡಿದರೆ ಹಾಗೆನ್ನಲು ಆಧಾರವಿಲ್ಲ. 19ನೇ ಶತಮಾನದ ಕೊನೆಯಲ್ಲಿ ಈಜಿಪ್ಟಿನಲ್ಲಿ ಪ್ರಾಚೀನ ವಸ್ತುಗಳ ವ್ಯಾಪಾರ ಬಹಿರಂಗವಾಗಿಯೇ ನಡೆಯುತ್ತಿತ್ತು. ಕೈರೋದ ವಸ್ತುಸಂಗ್ರಹಾಲಯದಲ್ಲೇ ಒಂದು ಮಾರಾಟದ ಕೋಣೆ ಇತ್ತು. ಈ ವ್ಯಾಪಾರಕ್ಕೆ ಪೂರ್ತಿ ತಡೆ ಬಿದ್ದದ್ದು 1983ರ 117ನೇ ಕಾನೂನಿನಿಂದ.

ಆದರೆ ಕಾನೂನು ಒಂದು ಕಡೆ ಇರಲಿ. ನನ್ನನ್ನು ಕಾಡುವುದು ಇನ್ನೊಂದು ನಷ್ಟ. ಅಗೆದವನು ಯಾರು, ಯಾವ ಊರಿನ ದಿಬ್ಬದಲ್ಲಿ, ಸಮಾಧಿಯಲ್ಲೋ ಮನೆಯಲ್ಲೋ ದೇವಾಲಯದ ಅಂಗಳದಲ್ಲೋ ಎಂಬುದೆಲ್ಲ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಕಳೆದುಹೋಯಿತು. ಮ್ಯೂಸಿಯಂನ ದಾಖಲೆಯಲ್ಲಿ ಉಳಿದದ್ದು "ಈಜಿಪ್ಟಿನಿಂದ" ಎಂಬಷ್ಟೇ. ದಾಖ್ಲಾದ ದಾಳದ ಪಕ್ಕದಲ್ಲಿ ಇದನ್ನಿಟ್ಟು ನೋಡಿ: ಕೆತ್ತನೆಯ ಅಂದದಲ್ಲಿ ನ್ಯೂಯಾರ್ಕಿನದು ಯಾವುದಕ್ಕೂ ಕಡಿಮೆಯಿಲ್ಲ, ಪ್ರಸಿದ್ಧಿಯಲ್ಲಂತೂ ಮುಂದಿದೆ, ಆದರೆ ನಮಗೆ ಕಲಿಸಿದ್ದು ಹೆಚ್ಚು ದಾಖ್ಲಾದ್ದೇ. ಸಿಕ್ಕ ನೆಲದ ವಿವರ ವಸ್ತುವಿನ ಅರ್ಧ ಭಾಗ. ಅದನ್ನು ಕಿತ್ತುಹಾಕಿ ಉಳಿದರ್ಧವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅಂದ ಉಳಿಯುತ್ತದೆ, ಉತ್ತರ ಉಳಿಯುವುದಿಲ್ಲ.

ಇಪ್ಪತ್ತು ಮುಖಗಳೇ ಏಕೆ?

ಎಲ್ಲ ಮುಖಗಳೂ ಒಂದೇ ಅಳತೆಯ ಸಮಭುಜ ಆಕೃತಿಗಳಾಗಿ, ಎಲ್ಲ ಮೂಲೆಗಳೂ ಒಂದೇ ತೆರನಾಗಿರುವ ಉಬ್ಬುಘನಗಳು ಐದೇ ಐದು: ನಾಲ್ಕು, ಆರು, ಎಂಟು, ಹನ್ನೆರಡು, ಇಪ್ಪತ್ತು ಮುಖಗಳವು. ಇವುಗಳಲ್ಲಿ ಇಪ್ಪತ್ತರದ್ದೇ ಕೊನೆ. ಅದರಲ್ಲಿ ಇಪ್ಪತ್ತು ಸಮಭುಜ ತ್ರಿಕೋನಗಳು, 30 ಅಂಚುಗಳು, 12 ಮೂಲೆಗಳು; ಪ್ರತಿ ಮೂಲೆಯಲ್ಲೂ ಐದು ತ್ರಿಕೋನಗಳು ಸೇರುತ್ತವೆ. ಯಾವ ಮುಖದ ಮೇಲೂ ಪಕ್ಷಪಾತವಿಲ್ಲದೆ ಆದಷ್ಟು ಹೆಚ್ಚು ಉತ್ತರಗಳು ಬೇಕೆಂದರೆ ಈ ಐದರಲ್ಲಿ ಇದಕ್ಕಿಂತ ಮುಂದಕ್ಕೆ ದಾರಿಯಿಲ್ಲ.

ಇದನ್ನು ಕಡೆದವನು ಯೂಕ್ಲಿಡ್‌ನನ್ನು ಓದಿದ್ದನೇ?

ಕಾಲ, ದೇಶ ಎರಡೂ ಹೊಂದುತ್ತವೆ, ಅದಕ್ಕೇ ಈ ಪ್ರಶ್ನೆ ಹುಟ್ಟುತ್ತದೆ. ಕ್ರಿ.ಪೂ. 4ನೇ ಶತಮಾನದಲ್ಲಿ ಅಥೆನ್ಸಿನ ಗಣಿತಜ್ಞ ಥಿಯಾಟೀಟಸ್ ಈ ಘನದ ಅಧ್ಯಯನ ಮಾಡಿದನೆಂಬ ಮಾತಿದೆ. ಪ್ಲೇಟೋ ಇದನ್ನು ನೀರಿನ ಕಣದ ಆಕಾರವೆಂದು ಕಲ್ಪಿಸಿದ. ಕ್ರಿ.ಪೂ. 300ರ ಸುಮಾರಿಗೆ ಈಜಿಪ್ಟಿನ ಅಲೆಗ್ಸಾಂಡ್ರಿಯಾದಲ್ಲೇ ಯೂಕ್ಲಿಡ್ ತನ್ನ ಗ್ರಂಥದ ಹದಿಮೂರನೆಯ, ಅಂದರೆ ಕೊನೆಯ ಭಾಗದಲ್ಲಿ ಇದನ್ನು ರಚಿಸುವ ಕ್ರಮವನ್ನು ಸಿದ್ಧಪಡಿಸಿ ಬರೆದ.

ಆದರೂ ಕುಶಲಕರ್ಮಿಗೆ ಗ್ರಂಥ ಬೇಕಿರಲಿಲ್ಲ. ಒಂದು ಸರಳ ದಾರಿ ಹೀಗಿದೆ. ಮೊದಲು ಘನಚೌಕ ಮಾಡಿಕೊಳ್ಳಿ. ಅದರ ಆರೂ ಮುಖಗಳ ನಡುವೆ ಒಂದೊಂದು ಗೆರೆ ಎಳೆಯಿರಿ. ಎದುರುಬದುರು ಮುಖಗಳ ಗೆರೆಗಳು ಒಂದೇ ದಿಕ್ಕಿಗೆ, ಅಕ್ಕಪಕ್ಕದ ಮುಖಗಳವು ಒಂದಕ್ಕೊಂದು ಅಡ್ಡವಾಗಿ ಇರಲಿ. ಗೆರೆಯ ಉದ್ದ ಚೌಕದ ಅಂಚನ್ನು 1.618ರಿಂದ ಭಾಗಿಸಿದಷ್ಟು, 3 ಸೆಂಟಿಮೀಟರ್ ಚೌಕಕ್ಕೆ ಸುಮಾರು 1.85 ಸೆಂಟಿಮೀಟರ್. ಆರು ಗೆರೆಗಳ ಹನ್ನೆರಡು ತುದಿಗಳೇ ದಾಳದ ಹನ್ನೆರಡು ಮೂಲೆಗಳು. ಅವನ್ನು ಉಳಿಸಿಕೊಂಡು ಮಿಕ್ಕ ಕಲ್ಲನ್ನು ಸವೆಸಿದರೆ ಇಪ್ಪತ್ತು ಮುಖಗಳು ಎದ್ದುಬರುತ್ತವೆ. ಅಳತೆಪಟ್ಟಿ, ಕೈವಾರ, ತಾಳ್ಮೆ ಇದ್ದವನಿಗೆ ಇದು ಅಸಾಧ್ಯವಲ್ಲ. ಇನ್ನೊಂದು ದಾರಿ ಗುಂಡು ಮಾಡಿಕೊಂಡು ಅದರ ಮೇಲೆ ಹನ್ನೆರಡು ಬಿಂದುಗಳನ್ನು ಸಮದೂರದಲ್ಲಿ ಗುರುತಿಸುವುದು. ಯಾವ ದಾರಿ ಹಿಡಿದರೂ ಕೊನೆಯ ಮುಖ ಕೂಡಿಬರುವುದು ಮೊದಲ ಹತ್ತೊಂಬತ್ತು ಸರಿಯಿದ್ದರೆ ಮಾತ್ರ. ಚಿತ್ರದಲ್ಲಿ ಆ ಅಂಚುಗಳನ್ನು ನೋಡುವಾಗ ಆ ಹೆಸರಿಲ್ಲದ ಕೈಯ ಬಗ್ಗೆ ಗೌರವ ಹುಟ್ಟದೆ ಇರದು.

ಸರ್ಪೆಂಟೈನ್ ಕಲ್ಲನ್ನು ಏಕೆ ಆರಿಸಿಕೊಂಡರು?

ಇದು ಮೆಗ್ನೀಷಿಯಂ ಹೆಚ್ಚಿರುವ, ಹಸಿರು ಛಾಯೆಯ, ಹೊಳಪು ಬರುವ ಕಲ್ಲು. ಗಡಸುತನದ ಹತ್ತು ಅಂಕಗಳ ಮಾನದಲ್ಲಿ ಬಳಪದ ಕಲ್ಲು 1ರ ಹತ್ತಿರ, ಬೆಣಚು ಕಲ್ಲು 7. ಸರ್ಪೆಂಟೈನ್ ಸುಮಾರು 2.5ರಿಂದ 5ರ ನಡುವೆ ಬರುತ್ತದೆ. ಲೋಹದ ಉಪಕರಣಕ್ಕೆ ಬಗ್ಗುತ್ತದೆ, ಮರಳಿನಿಂದ ಉಜ್ಜಿದರೆ ನಯವಾಗುತ್ತದೆ, ಆದರೆ ಬಳಪದ ಕಲ್ಲಿನಂತೆ ಬೇಗ ಸವೆಯುವುದಿಲ್ಲ. ಈಜಿಪ್ಟಿನ ಪೂರ್ವ ಮರುಭೂಮಿಯಲ್ಲಿ ಸಿಗುತ್ತಿತ್ತು.

ಈ ದಾಳ ಎಲ್ಲ ಮುಖಗಳಿಗೂ ಸಮನಾಗಿ ಬೀಳುತ್ತದೆಯೇ?

ಸರಿಯಾದ ಇಪ್ಪತ್ತು ಮುಖದ ದಾಳದಲ್ಲಿ ಪ್ರತಿ ಮುಖಕ್ಕೂ ನೂರರಲ್ಲಿ ಐದು ಪಾಲು ಅವಕಾಶ. ಕೈಯಿಂದ ಮಾಡಿದ ದಾಳದಲ್ಲಿ ಇದು ಸ್ವಲ್ಪ ಆಚೀಚೆ ಆಗಿಯೇ ಆಗುತ್ತದೆ.

"ಉರುಳಿಸಿ ನೋಡಿದರಾಯಿತಲ್ಲ" ಎನ್ನುವವರಿದ್ದಾರೆ. ಎರಡು ಅಡ್ಡಿಗಳಿವೆ. ಒಂದು, ಎರಡು ಸಾವಿರ ವರ್ಷ ಬಾಳಿದ ಕಲ್ಲಿನ ಅಂಚನ್ನು ಕುತೂಹಲಕ್ಕಾಗಿ ಮೇಜಿಗೆ ಬಡಿಯುವುದು ಸಲ್ಲದು. ಇನ್ನೊಂದು, ಕೆಲವು ಉರುಳುಗಳಿಂದ ಏನೂ ತಿಳಿಯುವುದಿಲ್ಲ. ಸಾವಿರ ಸಲ ಉರುಳಿಸಿದರೆ ಒಂದು ಮುಖ ಸರಾಸರಿ 50 ಸಲ ಬೀಳಬೇಕು. ಆದರೆ ದಾಳದಲ್ಲಿ ಯಾವ ದೋಷವೂ ಇಲ್ಲದಿದ್ದರೂ ಅದು ಸುಮಾರು 36ರಿಂದ 64ರವರೆಗೆ ಏರಿಳಿಯಬಹುದು. ಅಷ್ಟು ಸಲ ಉರುಳಿಸಿಯೂ, ನೂರಕ್ಕೆ ಐದರ ಬದಲು ಆರು ಸಲ ಬೀಳುವ ಮುಖವನ್ನು ನಂಬಿಕೆಯಿಂದ ಗುರುತಿಸಲಾಗದು. ಹಲವು ಸಾವಿರ ಉರುಳು ಬೇಕು. ಮುಖಗಳನ್ನು ಮುಟ್ಟದೆ ಮೂರು ಆಯಾಮದಲ್ಲಿ ಅಳೆದು, ಪ್ರತಿರೂಪ ಮಾಡಿ ಪರೀಕ್ಷಿಸುವುದೇ ಒಳ್ಳೆಯ ದಾರಿ.

ಆ ಕಾಲದವರಿಗೆ ಸಮತೆಯ ಬಗ್ಗೆ ನಮ್ಮಷ್ಟು ಕಾಳಜಿ ಇರಲಿಲ್ಲ ಎಂಬುದನ್ನೂ ಗಮನಿಸಬೇಕು. ರೋಮನ್ ಕಾಲದ ಆರು ಮುಖದ ದಾಳಗಳಲ್ಲಿ ಅನೇಕವು ಕಣ್ಣಿಗೇ ಕಾಣುವಷ್ಟು ಚಪ್ಪಟೆಯಾಗಿವೆ. ಬೀಳುವ ಮುಖವನ್ನು ದೈವ ನಿರ್ಧರಿಸುತ್ತದೆ ಎಂದು ನಂಬಿದವರಿಗೆ ಒಂದೆರಡು ಮಿಲಿಮೀಟರ್ ವ್ಯತ್ಯಾಸ ದೊಡ್ಡದಾಗಿ ಕಾಣದಿರಬಹುದು. ಕೈಚಳಕದ ಮೋಸದ ಬಗ್ಗೆ ಮಾತ್ರ ಎಚ್ಚರವಿತ್ತು. ಜರ್ಮನಿಯ ಫೆಟ್‌ವೈಸ್ ಬಳಿ ಸಿಕ್ಕ 4ನೇ ಶತಮಾನದ ಲೋಹದ ದಾಳಗೋಪುರ ಇದಕ್ಕೆ ಸಾಕ್ಷಿ: ದಾಳವನ್ನು ಮೇಲಿನಿಂದ ಹಾಕಿದರೆ ಒಳಗಿನ ತಡೆಗಳಿಗೆ ಬಡಿದು ಕೆಳಗಿನ ಮೆಟ್ಟಿಲಿನಿಂದ ಹೊರಬರುತ್ತದೆ, ಕೈಯಾಟಕ್ಕೆ ಎಡೆಯಿಲ್ಲ.

ಇದು ಪ್ರಪಂಚದ ಅತ್ಯಂತ ಹಳೆಯ ದಾಳವೇ?

ಅಲ್ಲ, ಹತ್ತಿರಕ್ಕೂ ಬರುವುದಿಲ್ಲ. ಸಿಂಧೂ ನಾಗರಿಕತೆಯ ಮೊಹೆಂಜೊದಾರೊದಲ್ಲಿ ಸಿಕ್ಕ ಆರು ಮುಖದ ದಾಳಗಳು ಇದಕ್ಕಿಂತ ಎರಡು ಸಾವಿರ ವರ್ಷಗಳಷ್ಟು ಹಿಂದಿನವು. ಅವುಗಳ ಚುಕ್ಕೆಗಳ ಜೋಡಣೆಯೂ ಬೇರೆ. ಇಂದಿನ ದಾಳದಲ್ಲಿ ಎದುರುಬದುರು ಮುಖಗಳ ಮೊತ್ತ ಏಳು. ಅಲ್ಲಿ 1ರ ಎದುರು 2, 3ರ ಎದುರು 4, 5ರ ಎದುರು 6 ಇರುವ ದಾಳಗಳು ಸಿಕ್ಕಿವೆ. ಈಜಿಪ್ಟಿನವರು ಸೆನೆಟ್ ಎಂಬ ಹಾಸಿನಾಟವನ್ನು ಸಾವಿರಾರು ವರ್ಷ ಆಡಿದರು, ಆದರೆ ಅದಕ್ಕೆ ಬಳಸಿದ್ದು ಎಸೆಯುವ ಕಡ್ಡಿಗಳನ್ನು ಮತ್ತು ಹರಡಿನ ಮೂಳೆಗಳನ್ನು.

ಇಂಥ ಬಹುಮುಖ ದಾಳಗಳು ಬೇರೆ ಎಲ್ಲಿವೆ?

ಪ್ಯಾರಿಸ್ಸಿನ ಲೂವ್ರ್‌ನಲ್ಲಿ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಇವೆ. ಮೆಟ್ರೊಪಾಲಿಟನ್‌ನಲ್ಲೇ ಫಯಾನ್ಸ್‌ನಿಂದ, ಅಂದರೆ ಬೆಣಚು ಪುಡಿಯ ಹಿಟ್ಟಿಗೆ ಗಾಜಿನ ಹೊಳಪು ಕೊಟ್ಟು ಸುಟ್ಟ ವಸ್ತುವಿನಿಂದ, ಮಾಡಿದ ಇನ್ನೊಂದಿದೆ. ಗ್ರೀಕ್ ಪ್ರಪಂಚಕ್ಕೆ ಸಂಬಂಧವೇ ಇಲ್ಲದ ಚೀನಾದಲ್ಲಿ, ಹೆಬೇ ಪ್ರಾಂತ್ಯದ ಮಾನ್‌ಚೆಂಗ್‌ನಲ್ಲಿ 1968ರಲ್ಲಿ ಅಗೆದ ಹಾನ್ ಕಾಲದ ರಾಣಿಯ ಸಮಾಧಿಯಲ್ಲಿ 18 ಮುಖಗಳ ಕಂಚಿನ ದಾಳ ದೊರೆತಿದೆ. ಹದಿನಾರು ಮುಖಗಳಲ್ಲಿ ಅಂಕೆಗಳು, ಉಳಿದೆರಡರಲ್ಲಿ ಪದಗಳು. ಒಂದರ ಮೇಲಿರುವುದು "ಮದ್ಯ ಬರಲಿ" ಎಂದು. ಅದು ಪಾನಗೋಷ್ಠಿಯ ಆಟದ್ದು ಎಂಬುದರಲ್ಲಿ ಅನುಮಾನವಿಲ್ಲ, ದಾಳವೇ ಹೇಳುತ್ತದೆ.

ರೋಮನರ ಹನ್ನೆರಡು ಮುಖದ ಕಂಚಿನ ವಸ್ತುಗಳೂ ದಾಳಗಳೇ?

ಅಲ್ಲ. ಅವು ಒಳಗೆ ಪೊಳ್ಳು, ಮುಖಗಳಲ್ಲಿ ಬೇರೆ ಬೇರೆ ಅಳತೆಯ ತೂತುಗಳು, ಮೂಲೆಗಳಲ್ಲಿ ಹೊರಚಾಚಿದ ಸಣ್ಣ ಗುಂಡುಗಳು. ಸಿಕ್ಕಿರುವುದು ಯುರೋಪಿನ ವಾಯವ್ಯ ಭಾಗದಲ್ಲಿ. ಈ ದಾಳದೊಂದಿಗೆ ಬೆರೆಸಬಾರದು.

ಇಂದಿನ ಆಟಗಳ ಇಪ್ಪತ್ತು ಮುಖದ ದಾಳ ಇದರ ವಂಶದ್ದೇ?

ಆಕಾರ ಒಂದೇ, ವಂಶ ಬೇರೆ. ಇಂದು ಈ ಆಕಾರ ಮನೆಮಾತಾದದ್ದು 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಿಂದ. ಅಲೆಗ್ಸಾಂಡ್ರಿಯಾದಿಂದ ಅಲ್ಲಿಯವರೆಗೆ ಕೈಯಿಂದ ಕೈಗೆ ದಾಟಿ ಬಂದ ಪರಂಪರೆಯಿಲ್ಲ. ಜ್ಯಾಮಿತಿ ಒಂದೇ ಆದ್ದರಿಂದ ಎರಡು ಕಾಲದವರೂ ಒಂದೇ ಆಕಾರಕ್ಕೆ ಬಂದು ಮುಟ್ಟಿದರು.

ಇಂಥದ್ದೊಂದನ್ನು ಕೊಳ್ಳಬಹುದೇ?

2003ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ ರೋಮನ್ ಕಾಲದ ಗಾಜಿನ ಇಪ್ಪತ್ತು ಮುಖದ ದಾಳವೊಂದು 17,925 ಡಾಲರಿಗೆ ಮಾರಾಟವಾಯಿತು. ಹೀಗೆ ಮಾರುಕಟ್ಟೆ ಇದೆ. ಆದರೆ ಕೊಳ್ಳಬೇಡಿ ಎಂದೇ ನನ್ನ ಸಲಹೆ. ಹಣ ಇರುವಲ್ಲಿಗೆ ಅಗೆಯುವವರು ಬರುತ್ತಾರೆ, ರಾತ್ರಿ ಅಗೆದವರು ಮಣ್ಣಿನ ಪದರಗಳನ್ನು ಬರೆದಿಡುವುದಿಲ್ಲ. ಮರ್ಚ್‌ನ ಕಾಲದಲ್ಲಿ ಆದ ನಷ್ಟಕ್ಕೆ ಆಗಿನ ಪದ್ಧತಿಯನ್ನು ದೂರಬಹುದು. ಈಗ ಆದರೆ ಅದಕ್ಕೆ ನಾವೇ ಹೊಣೆ.

ಇದರ ಚಿತ್ರವನ್ನು ಪಾಠಕ್ಕೆ, ಪತ್ರಿಕೆಗೆ ಬಳಸಬಹುದೇ?

ಧಾರಾಳವಾಗಿ. 2017ರ ಫೆಬ್ರವರಿಯಲ್ಲಿ ಮೆಟ್ರೊಪಾಲಿಟನ್ ಮ್ಯೂಸಿಯಂ ಹಕ್ಕುಸ್ವಾಮ್ಯವಿಲ್ಲದ ತನ್ನ ಕಲಾಕೃತಿಗಳ ಚಿತ್ರಗಳನ್ನು ಯಾವ ನಿರ್ಬಂಧವೂ ಇಲ್ಲದೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಅವರ ಜಾಲತಾಣದಲ್ಲಿ 10.130.1158 ಎಂದು ಹುಡುಕಿ. ಆ ವಸ್ತು ಸದ್ಯ ಪ್ರದರ್ಶನದಲ್ಲಿದೆಯೇ, ಯಾವ ಕೋಣೆಯಲ್ಲಿ ಎಂಬುದೂ ಅದೇ ಪುಟದಲ್ಲಿ ಸಿಗುತ್ತದೆ. ಚಿತ್ರ ಹಂಚುವಾಗ ಕ್ರಮಸಂಖ್ಯೆಯನ್ನೂ ಕಾಲಾವಧಿಯ ಎರಡೂ ತುದಿಗಳನ್ನೂ ಜೊತೆಗೆ ಬರೆಯಿರಿ. ಮುಂದೆ ನೋಡುವವರು ಮೂಲಕ್ಕೆ ಹೋಗಿ ತಾವೇ ಪರಿಶೀಲಿಸಲು ಅಷ್ಟು ಸಾಕು.